ಆಂಗ್ಲ ದಂಡನೀತಿಯಲ್ಲಿ ಚೌರ್ಯಲಕ್ಷಣ

ಪರರ ಸೊತ್ತನ್ನು ಅಪಹರಿಸಿದವನು ಕಳ್ಳನೆಂಬುದು ಬಾಲರೂ ಬಲ್ಲ ಮಾತು. ಆದರೆ ನಂಬಿ ಕೈಗಿತ್ತ ವಸ್ತುವನ್ನು ನುಂಗಿದವನು ಕಳ್ಳನೋ, ಬರಿಯ ವಿಶ್ವಾಸಘಾತಕನೋ? ನಿಕ್ಷೇಪವನ್ನು ಹಿಂದಿರುಗಿಸದವನನ್ನು ಚೋರನಂತೆಯೇ ಶಿಕ್ಷಿಸಬಹುದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸುತ್ತದೆ. ಇಂಗ್ಲೆಂಡಿನ ನ್ಯಾಯಪಂಡಿತರಿಗಾದರೋ ಈ ಪ್ರಶ್ನೆಯನ್ನು ಬಗೆಹರಿಸಲು ಸುಮಾರು ಐದು ಶತಮಾನಗಳು ಹಿಡಿದುವು.

ಅಲ್ಲಿಯ ಪ್ರಾಚೀನ ನ್ಯಾಯದಲ್ಲಿ ಚೌರ್ಯವೆಂದರೆ, ಒಡೆಯನ ಸ್ವಾಧೀನದಲ್ಲಿರುವ ಚರವಸ್ತುವನ್ನು ಅವನ ಸಮ್ಮತಿಯಿಲ್ಲದೆ, ಮರಳಿ ಕೊಡದಿರುವ ಸಂಕಲ್ಪದಿಂದ, ಎತ್ತಿಕೊಂಡು ಒಯ್ಯುವುದು. ಕಾಯಿಕವಾದ ಹರಣವೂ ಮಾನಸಿಕವಾದ ದುಸ್ಸಂಕಲ್ಪವೂ ಏಕಕಾಲದಲ್ಲಿ ಕೂಡಬೇಕು. ಒಡೆಯನೇ ಒಪ್ಪಿಸಿದ ವಸ್ತುವಿನಲ್ಲಿ ಹರಣವೆಂಬುದೇ ಇಲ್ಲವಾದುದರಿಂದ, ಅದನ್ನು ಇಟ್ಟುಕೊಂಡವನು ಕಳ್ಳನಲ್ಲ.

1473ರಲ್ಲಿ ಈ ಸಿದ್ಧಾಂತಕ್ಕೆ ಮೊದಲ ಪರೀಕ್ಷೆ ಬಂದಿತು. ಸೌತಾಂಪ್ಟನ್ ರೇವಿಗೆ ಮುಟ್ಟಿಸಲೆಂದು ಒಪ್ಪಿಸಿದ ಮೂಟೆಗಳನ್ನು ಸಾಗಿಸುವವನೊಬ್ಬನು ಬೇರೆಡೆಗೆ ಒಯ್ದು, ಬಿಚ್ಚಿ, ಒಳಗಣ ಸರಕನ್ನು ತೆಗೆದುಕೊಂಡನು. ನ್ಯಾಯಾಧೀಶರಲ್ಲಿ ಬಹುಮಂದಿ ಅದನ್ನು ಚೌರ್ಯವೆಂದರು. ಮೂಟೆ ಬಿಚ್ಚಿದೊಡನೆ ಒಪ್ಪಿಗೆಯು ಮುಗಿಯಿತೆಂದು ಮುಂದಿನವರು ಇದರಿಂದ ಸೂತ್ರವನ್ನು ತೆಗೆದರು. ವಿಚಿತ್ರವೇನೆಂದರೆ, ಮೂಟೆಯನ್ನು ಬಿಚ್ಚದೆ ಇಡಿಯಾಗಿ ಮಾರಿದವನು ಈ ಸೂತ್ರಕ್ಕೆ ಸಿಕ್ಕುತ್ತಿರಲಿಲ್ಲ!

1779ರಲ್ಲಿ ಬಾಡಿಗೆಗೆ ಪಡೆದ ಕುದುರೆಯನ್ನು ಪೇರ್ ಎಂಬವನು ಅಂದೇ ಮಾರಿಬಿಟ್ಟನು. ಪಡೆಯುವಾಗಲೇ ವಂಚನೆಯ ಬುದ್ಧಿಯಿದ್ದುದರಿಂದ ಅದು ಚೌರ್ಯವೆಂದು ತೀರ್ಮಾನವಾಯಿತು. ಆದರೆ 1799ರಲ್ಲಿ ಬೇಜ್ಲಿ ಎಂಬ ಬ್ಯಾಂಕಿನ ಗುಮಾಸ್ತನು ಗಿರಾಕಿಯು ಕೊಟ್ಟ 100 ಪೌಂಡಿನ ನೋಟನ್ನು ಜೇಬಿಗಿಳಿಸಿಯೂ ಬಿಡುಗಡೆ ಹೊಂದಿದನು. ನೋಟು ಬ್ಯಾಂಕಿನ ಸ್ವಾಧೀನಕ್ಕೆ ಬರಲೇ ಇಲ್ಲವಷ್ಟೆ! ಪಾರ್ಲಿಮೆಂಟು ಅದೇ ವರ್ಷ ಇಂತಹ ಗುಮಾಸ್ತರಿಗಾಗಿ ಬೇರೊಂದು ಶಾಸನವನ್ನು ಮಾಡಬೇಕಾಯಿತು.

ಈ ಸೂಕ್ಷ್ಮವಿಚಾರವು ಕೇವಲ ಶುಷ್ಕತರ್ಕವೆಂದು ವಾಚಕರು ಭಾವಿಸಬಾರದು. ಅಂದು ಚೌರ್ಯಕ್ಕೆ ಗಲ್ಲುಶಿಕ್ಷೆಯುಂಟು. 18ನೆಯ ಶತಮಾನದಲ್ಲಿ ಮನೆಯೊಳಗಿಂದ 40 ಶಿಲ್ಲಿಂಗ್ ಬೆಲೆಯ ವಸ್ತುವನ್ನು ಕದ್ದವನೂ ಮರಣದಂಡನೆಗೆ ಪಾತ್ರನು. ಆದುದರಿಂದಲೇ ದಯಾಳುಗಳಾದ ಜೂರಿಗಳು ಎಷ್ಟೋ ವೇಳೆ ಕದ್ದ ಮಾಲಿನ ಬೆಲೆ 39 ಶಿಲ್ಲಿಂಗ್ ಎಂದು ಹೇಳಿ ಅಪರಾಧಿಯ ಪ್ರಾಣವನ್ನು ಉಳಿಸುತ್ತಿದ್ದರು. ಚೌರ್ಯದ ಲಕ್ಷಣವನ್ನು ಒಂದು ಗೇಣು ಹಿಗ್ಗಿಸಿದರೆ ನೇಣಿನ ಹಗ್ಗವೂ ಅಷ್ಟೇ ಉದ್ದವಾಗುತ್ತಿದ್ದಿತು.

ಕಡೆಗೆ 1968ರ ಶಾಸನವು ಹಳೆಯ ಹರಣವಾದವನ್ನು ಕೈಬಿಟ್ಟು ಐದು ಅಂಗಗಳನ್ನು ವಿಧಿಸಿತು: ಸೊತ್ತು, ಅದು ಪರರದಾಗಿರುವುದು, ಅದನ್ನು ತನ್ನದಾಗಿ ಮಾಡಿಕೊಳ್ಳುವುದು, ಅಪ್ರಾಮಾಣಿಕತೆ, ಶಾಶ್ವತವಾಗಿ ವಂಚಿಸುವ ಉದ್ದೇಶ. ನಂಬಿಸಿ ನುಂಗಿದವನೂ ಈಗ ಕಳ್ಳನೇ. ಲಂಡನ್ನಿಗೆ ಹೊಸದಾಗಿ ಬಂದ ಇಟಲಿಯ ವಿದ್ಯಾರ್ಥಿಯೊಬ್ಬನು ತೆರೆದು ಹಿಡಿದ ಹಣದ ಚೀಲದಿಂದ, ಸುಮಾರು ಅರ್ಧ ಪೌಂಡಿನ ಬಾಡಿಗೆಗೆ ಮೊದಲು ಪಡೆದ 1 ಪೌಂಡು ಸಾಲದೆಂದು ಹೇಳಿ, ಇನ್ನೂ 6 ಪೌಂಡುಗಳನ್ನು ತೆಗೆದುಕೊಂಡ ಟ್ಯಾಕ್ಸಿಯವನಿಗೆ 'ಅವನೇ ಕೊಡಗೊಟ್ಟನು' ಎಂಬ ಸಮಾಧಾನವು 1971ರಲ್ಲಿ ನೆರವಾಗಲಿಲ್ಲ. ಮರಳಿಸುವ ಮನಸ್ಸಿನಿಂದ ಒಯ್ದವನಾದರೋ ಇಂದಿಗೂ ಕಳ್ಳನಲ್ಲ. ಪರರ ಮೋಟಾರನ್ನು ಅನುಮತಿಯಿಲ್ಲದೆ ಓಡಿಸಿಕೊಂಡು ಹೋಗುವವರಿಗಾಗಿ ಅದೇ ಶಾಸನದಲ್ಲಿ ಪ್ರತ್ಯೇಕ ವಿಧಿಯುಂಟು.

ಹೀಗೆ ಕೈಯ ಚಲನೆಯನ್ನೇ ಬಹುವಾಗಿ ನೋಡುತ್ತಿದ್ದ ನ್ಯಾಯವು ಮನಸ್ಸಿಗೆ ಪ್ರಾಧಾನ್ಯವಿತ್ತಿತು. ಗಲ್ಲು ತೊಲಗಿ ಪರಮಾವಧಿ 7 ವರ್ಷಗಳ ಸೆರೆವಾಸವಿರುವುದರಿಂದ ಲಕ್ಷಣವನ್ನು ಹಿಗ್ಗಿಸುವುದಕ್ಕೆ ಅಂದಿನ ಭಯವಿಲ್ಲ. ಆದರೆ ಕೈಯನ್ನು ಕಂಡ ಸಾಕ್ಷಿ ದೊರೆಯಬಹುದು, ಮನಸ್ಸನ್ನು ಕಂಡವರಾರು? ಅದನ್ನು ನಡತೆಯಿಂದಲೇ ಊಹಿಸಬೇಕು. ಅಂದು ಮಾಲಿಗೆ ಬೆಲೆ ಕಟ್ಟುತ್ತಿದ್ದ ಜೂರಿಗಳು ಇಂದು ಮನಸ್ಸಿಗೆ ಬೆಲೆ ಕಟ್ಟಬೇಕಾಗಿದೆ. ಭಾರವು ಹಗುರವಾಯಿತೆಂದು ಹೇಳುವಂತಿಲ್ಲ.