28 ಕಂಬಗಳ ಬಂಗಲೆ: ಕಟ್ಟಿದವರು ಯಾರು?

ಇವತ್ತು ಒಂದು ಮನೆಯ ಕಥೆ ಕೇಳೋಣ.

ಫೋನ್ ಕೈಯಲ್ಲೇ ಇದೆಯಲ್ಲ, 'ಓಕ್ ಆಲಿ' ಅಂತ ಹುಡುಕಿ. ಎರಡು ಸಾಲು ದೈತ್ಯ ಓಕ್ ಮರಗಳು, ಮೇಲೆ ಕೊಂಬೆಗಳು ಸೇರಿ ಚಪ್ಪರ ಹಾಕಿದ ಹಾಗೆ. ಸಾಲಿನ ಕೊನೆಯಲ್ಲಿ ದೊಡ್ಡ ಬಂಗಲೆ. ಇದಿರೋದು ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ಪಕ್ಕ. ಮರಗಳು 28, ಮನೆ ಸುತ್ತಲಿನ ಕಂಬಗಳೂ 28. ಮರಗಳಂತೂ ಮನೆಗಿಂತ ಎಷ್ಟೋ ಹಳೆಯವು.

ಕಬ್ಬಿನ ತೋಟದ ಮಾಲೀಕ ಜಾಕ್ ಟೆಲೆಸ್ಫೋರ್ ರೋಮನ್ 1837ರಿಂದ 1839ರ ನಡುವೆ ಈ ಮನೆ ಕಟ್ಟಿಸಿದ. ಗ್ರೀಕ್ ದೇವಾಲಯಗಳನ್ನು ನೆನಪಿಸುವ ಶೈಲಿ. ಆದರೆ ಕಂಬಗಳು ಕಲ್ಲಿನವಲ್ಲ! ಒಳಗಿರೋದು ಇಟ್ಟಿಗೆ, ಮೇಲೆ ಗಾರೆ. ಗೋಡೆಗಳ ದಪ್ಪ ಸುಮಾರು 16 ಇಂಚು. ಎತ್ತರದ ಸೂರು, ದೊಡ್ಡ ಕಿಟಕಿಗಳು, ನಾಲ್ಕೂ ಕಡೆ ಅಗಲವಾದ ಜಗಲಿ. ಬರೀ ಅಂದಕ್ಕಲ್ಲ, ಅಲ್ಲಿನ ಸೆಕೆ ತಡೆಯೋಕೆ ಮಾಡಿದ ಏರ್ಪಾಡು ಇದು.

ಸರಿ, ಆ ಇಟ್ಟಿಗೆ ಮಾಡಿದವರು ಯಾರು? ಗುಲಾಮರಾಗಿದ್ದ ಕಪ್ಪು ಜನ. ತೋಟದ ಮಣ್ಣಿನಲ್ಲೇ ಇಟ್ಟಿಗೆ ಮಾಡಿ, ಅವರೇ ಗೋಡೆ ಎಬ್ಬಿಸಿದರು. ಕಬ್ಬು ಕಡಿದು ಸಕ್ಕರೆ ಮಾಡಿದ್ದೂ ಅವರೇ. ಅವರ ದುಡಿಮೆಯ ಹಣದಿಂದಲೇ ಈ ಮನೆ ಎದ್ದಿತು.

ಅವರಲ್ಲಿ ಒಬ್ಬ ಆಂಟ್ವಾನ್, ತೋಟಗಾರ. ಪೆಕನ್ ಅಂದರೆ ಅಕ್ರೋಟಿನ ಜಾತಿಯ ಕಾಯಿ. ಬೀಜ ಹಾಕಿ ಬೆಳೆಸಿದರೆ ತಾಯಿಮರದಂಥದೇ ಕಾಯಿ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. 1846-47ರ ಚಳಿಗಾಲದಲ್ಲಿ ಆಂಟ್ವಾನ್ 16 ಮರಗಳಿಗೆ ಒಳ್ಳೆಯ ತಳಿಯ ಕಸಿ ಕಟ್ಟಿ ಗೆದ್ದ. ತೋಟದಲ್ಲಿ ಪೆಕನ್ ಬೆಳೆಯೋದು ಒಂದು ಉದ್ಯಮವಾಗಿದ್ದು ಈ ವಿದ್ಯೆಯಿಂದಲೇ. ಅದೇ ತಳಿಯ ಕಾಯಿ 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಪ್ರಶಸ್ತಿ ಪಡೆಯಿತು, 'ಸೆಂಟೆನಿಯಲ್' ಅನ್ನೋ ಹೆಸರೂ ಬಂತು. ಹೆಸರು ಬಂದಿದ್ದು ಪ್ರದರ್ಶನದಿಂದ, ಆಂಟ್ವಾನ್‌ನಿಂದ ಅಲ್ಲ.

ಹಾಗಾದರೆ ಅವನ ಹೆಸರು ನಮಗೆ ಹೇಗೆ ಗೊತ್ತು? 1848ರಲ್ಲಿ ಮಾಲೀಕ ಸತ್ತಾಗ ಆಸ್ತಿ ಪಟ್ಟಿ ಮಾಡಿದರು. ಮನೆ, ಜಮೀನಿನ ಜೊತೆ ಮನುಷ್ಯರ ಹೆಸರು, ಪ್ರತಿಯೊಬ್ಬರ ಮುಂದೆ ಒಂದು ಬೆಲೆ. ಆಂಟ್ವಾನ್, ತೋಟಗಾರ, ಪೆಕನ್ ಕಸಿಯಲ್ಲಿ ನಿಪುಣ: 1,000 ಡಾಲರ್. ಮಾರಾಟದ ವಸ್ತು ಅಂತ ಬರೆದಿಟ್ಟ ಆ ಸಾಲೇ ಇವತ್ತು ಅವನ ಗುರುತು.

ಈಗ ಈ ಬಂಗಲೆ ಮ್ಯೂಸಿಯಂ. ಹಿಂದುಗಡೆ ಗುಲಾಮರ ಗುಡಿಸಲುಗಳನ್ನು ಮತ್ತೆ ಕಟ್ಟಿ, ದಾಖಲೆಗಳಲ್ಲಿ ಸಿಕ್ಕ ಹೆಸರುಗಳನ್ನು ಗೋಡೆ ಮೇಲೆ ಬರೆದಿದ್ದಾರೆ. ಮರದ ಸಾಲಿನ ಫೋಟೊ ಎಲ್ಲರೂ ತೆಗೀತಾರೆ. ನೀವು ಯಾವತ್ತಾದರೂ ಹೋದರೆ ಹಿಂದುಗಡೆಗೂ ಹೋಗಿ, ಆ ಹೆಸರುಗಳನ್ನು ಓದಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.