ನಿಟ್ಟೆಯ ಬಾಡಿಗೆ ಕೋಣೆ ಮತ್ತು ಸುಪ್ರೀಂ ಕೋರ್ಟು

2001ರಲ್ಲಿ ಅಪ್ಪನ ಜೊತೆ ಆಗುಂಬೆ ಘಾಟಿ ಇಳಿದು ಕಾರ್ಕಳಕ್ಕೆ ಬಂದಾಗ ನನ್ನ ಹತ್ರ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಸಿಇಟಿ ಸೆಲ್‌ನವರು ಕೊಟ್ಟ ಅಡ್ಮಿಷನ್ ಕಾಗದ ಇತ್ತು. ಕೊಡೆ ಇರಲಿಲ್ಲ. ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ಅಲ್ಲಿ ಕೊಡೆ ಹಿಡಿದವನನ್ನು ಮೇಷ್ಟ್ರು ಅಂದ್ಕೊಳ್ತಿದ್ರು. ಕಾರ್ಕಳದಿಂದ ಪಡುಬಿದ್ರಿ ರಸ್ತೆಯ ಬಸ್ ಹತ್ತಿ, ಕಂಡಕ್ಟರ್ "ನಿಟ್ಟೆ, ಕಾಲೇಜ್" ಅಂತ ಕೂಗಿದಲ್ಲಿ ಇಳಿದ್ವಿ. ಇಳಿದ ಎರಡೇ ನಿಮಿಷಕ್ಕೆ ಇಬ್ಬರೂ ತೊಪ್ಪೆಯಾಗಿದ್ವಿ.

ಎಂಜಿನಿಯರಿಂಗ್ ಕಾಲೇಜು ಅಂದ್ರೆ ಪಟ್ಟಣದಲ್ಲಿರುತ್ತೆ ಅನ್ನೋದು ನನ್ನ ಕಲ್ಪನೆ. ನಿಟ್ಟೆ ಪಟ್ಟಣ ಆಗಿರಲಿಲ್ಲ. ಅಡಿಕೆ ತೋಟ, ಗದ್ದೆ, ಕೆಂಪು ಮುರಕಲ್ಲಿನ ಮನೆಗಳು, ಅದರ ಮಧ್ಯೆ ದೊಡ್ಡ ದೊಡ್ಡ ಕಟ್ಟಡಗಳು. ಗೇಟಿನ ಹೊರಗೆ ಜೆರಾಕ್ಸ್ ಅಂಗಡಿ, ಎಸ್‌ಟಿಡಿ ಬೂತು, ಗೋಳಿಬಜೆ ಸಿಗುವ ಹೋಟೆಲು. ಸೆಮಿಸ್ಟರ್ ನಡೀತಿದ್ರೆ ಜಾತ್ರೆ, ಪರೀಕ್ಷೆ ಮುಗಿದ ಮರುದಿನ ಸ್ಮಶಾನಮೌನ. ಊರಿನ ಪಂಚಾಂಗವನ್ನು ವಿಟಿಯು ಬರೀತಿತ್ತು ಅಂದ್ರೂ ತಪ್ಪಿಲ್ಲ.

ನನಗೆ ಸಿಕ್ಕಿದ್ದು ಒಂದು ಮನೆಯ ಹಿಂದಿನ ಕೋಣೆ. ನಾಲ್ಕು ಕೋಣೆಗಳ ಸಾಲು, ಮೇಲೆ ಹೆಂಚು. ಮನೆಯ ಅಕ್ಕ ಜಗಲಿಯಲ್ಲಿ ಕೂತು ಬೀಡಿ ಕಟ್ತಿದ್ರು. ನನ್ನ ಮಾತು ಕೇಳಿದ ಕೂಡ್ಲೇ "ಘಟ್ಟದವರಾ?" ಅಂದ್ರು. ಕುಚ್ಚಲಕ್ಕಿ ಅನ್ನ ನುಂಗೋಕೆ ಒಂದು ತಿಂಗಳು ಬೇಕಾಯ್ತು, ತುಳು ಅರ್ಥ ಆಗೋಕೆ ಒಂದು ವರ್ಷ.

ಎರಡನೇ ವರ್ಷದ ಒಂದು ಸಂಜೆ ಕರೆಂಟು ಹೋಗಿತ್ತು. ಜಗಲಿಯಲ್ಲಿ ಕೂತು ಸುಮ್ಮನೆ ಕೇಳಿದೆ: "ಈ ಜಾಗ ಎಲ್ಲ ನಿಮ್ಮದೇನಾ ಅಕ್ಕ?"

"ಈಗ ನಮ್ಮದು. ಮೊದಲು ಧಣಿಗಳದ್ದು. ಮಾವ ಚಾಲಗೇಣಿಗೆ ಮಾಡ್ತಾ ಇದ್ದದ್ದು. ಡಿಕ್ಲರೇಶನ್ ಕೊಟ್ಟ ಮೇಲೆ ನಮಗೆ ಆದದ್ದು."

ಕಾಲೇಜಿನ ಬಗ್ಗೆ ಕೇಳಿದ್ದಕ್ಕೆ, "ಅದು ಹೆಗ್ಡೆಯವರು ಮಾಡಿದ್ದಲ್ವಾ, ದಿಲ್ಲಿಯ ಕೋರ್ಟು ಬಿಟ್ಟು ಬಂದವರು" ಅಂದ್ರು. ನಾನು ಹೂಂ ಅಂದು, ಕರೆಂಟು ಬಂದ ಮೇಲೆ ಸಿ ಪ್ರೋಗ್ರಾಮಿಂಗ್ ಪುಸ್ತಕ ಹಿಡಿದೆ. ಆ ಎರಡು ಮಾತಿನಲ್ಲಿ ಎಷ್ಟು ಇತ್ತು ಅಂತ ತಿಳಿಯೋಕೆ ನನಗೆ ಹದಿನೆಂಟು ವರ್ಷ ಬೇಕಾಯ್ತು.

2020ರ ಸೆಪ್ಟೆಂಬರ್ 6. ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದೆ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ತೀರಿಕೊಂಡ ಸುದ್ದಿ ಬಂತು. ಅವರ ಕೇಸಿನ ಬಗ್ಗೆ ಓದ್ತಾ ಹೋದಂತೆ ನನ್ನ ಹಳೇ ಕೋಣೆ ಕಣ್ಮುಂದೆ ಬಂತು.

ಎಡನೀರು ಇರೋದು ಕಾಸರಗೋಡಿನಲ್ಲಿ. 1956ರವರೆಗೆ ಕಾಸರಗೋಡೂ ಕಾರ್ಕಳವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು. ಕೇರಳದ ಭೂಸುಧಾರಣಾ ಕಾನೂನು ಮಠದ ಜಮೀನಿಗೆ ಕೈ ಹಾಕಿದಾಗ, 1970ರಲ್ಲಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ, 68 ದಿನಗಳ ವಿಚಾರಣೆ. 1973ರ ಏಪ್ರಿಲ್ 24ರಂದು 7–6ರ ಬಹುಮತದ ತೀರ್ಪು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆ ಏಳು ಜನರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನವರು, ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ. ಲೋಕಾಯುಕ್ತರಾಗಿ ಗಣಿ ವರದಿ ಕೊಟ್ಟ ಸಂತೋಷ್ ಹೆಗ್ಡೆಯವರ ತಂದೆ ಅಂದ್ರೆ ನಿಮಗೆ ಬೇಗ ಗೊತ್ತಾಗಬಹುದು.

ತೀರ್ಪು ಬಂದ ಮರುದಿನವೇ ಕೇಂದ್ರ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು, ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಶುರು ಮಾಡಿದರು. 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಅಕ್ಕ ಹೇಳಿದ ಎರಡನೇ ಮಾತಿನ ಹಿಂದೆ ಇದ್ದದ್ದು ಇದು.

ಮೊದಲನೇ ಮಾತು ಇನ್ನೂ ದೊಡ್ಡದು. ಕರಾವಳಿಯಲ್ಲಿ ಗೇಣಿ ಎರಡು ಬಗೆ. ಮೂಲಗೇಣಿಯವನಿಗೆ ಜಾಗ ಕಾಯಂ. ಚಾಲಗೇಣಿಯವನನ್ನು ಧಣಿ ಬೇಕಾದಾಗ ಬಿಡಿಸಬಹುದಿತ್ತು. ಬೆಳೆ ಬರಲಿ ಬಿಡಲಿ, ಗೇಣಿ ಅಕ್ಕಿ ಮುಡಿ ಕಟ್ಟಿ ಹೊತ್ತು ಹಾಕಬೇಕಿತ್ತು. ಮಠ ಸುಪ್ರೀಂ ಕೋರ್ಟಿನಲ್ಲಿ ದೇಶಕ್ಕೆ ದೊಡ್ಡ ತತ್ವವೊಂದನ್ನು ಗೆದ್ದುಕೊಟ್ಟರೂ ಜಮೀನಿನ ವಿಷಯದಲ್ಲಿ ಕೇರಳದ ಕಾನೂನು ಉಳೀತು. ಗಡಿಯ ಈಚೆ ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರ ತಿದ್ದುಪಡಿ ತಂದು, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಿಸಿ ಅವನ ಹೆಸರಿಗೆ ಮಾಡಿಕೊಡ್ತಿತ್ತು. ಕರಾವಳಿಯ ಬಾಯಲ್ಲಿ ಅದೇ ಡಿಕ್ಲರೇಶನ್. ಅಕ್ಕನ ಮಾವ ಆ ಫಾರಂಗೆ ಹೆಬ್ಬೆಟ್ಟು ಒತ್ತದೇ ಇದ್ದಿದ್ರೆ, ಹಿಂದಿನ ಖಾಲಿ ಜಾಗದಲ್ಲಿ ನಾಲ್ಕು ಕೋಣೆ ಕಟ್ಟಿಸಿ ಬಾಡಿಗೆ ತಗೊಳ್ಳೋ ಹಕ್ಕು ಆ ಮನೆಗೆ ಇರ್ತಿರಲಿಲ್ಲ.

ಇನ್ನು ನನ್ನ ಸೀಟು. ಕ್ಯಾಪಿಟೇಶನ್ ಶುಲ್ಕದ ಕಾಲದಲ್ಲಿ ನಮ್ಮಂಥವರು ಖಾಸಗಿ ಕಾಲೇಜಿನ ಗೇಟು ನೋಡಿ ವಾಪಸ್ ಬರಬೇಕಿತ್ತು. ಮೋಹಿನಿ ಜೈನ್ ಕೇಸ್ ನೋಡಿ: ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಆಗ ಸರ್ಕಾರಿ ಕೋಟಾದವರಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರ ರಾಜ್ಯದವರಿಗೆ 60,000. ಇದು ಕ್ಯಾಪಿಟೇಶನ್ನೇ ಅಂತ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. 1993ರ ಉನ್ನಿಕೃಷ್ಣನ್ ತೀರ್ಪು ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್ ಅಂತ ಮಾಡಿತು. ಫ್ರೀ ಸೀಟಿನವನ ಖರ್ಚಿನ ಒಂದು ಪಾಲು ಪೇಮೆಂಟ್ ಸೀಟಿನವನ ಫೀಸಿನಿಂದ ಬರಬೇಕು ಅನ್ನೋದು ಲೆಕ್ಕ. ಅಂದ್ರೆ ಪಕ್ಕದ ಬೆಂಚಿನವನ ಅಪ್ಪನೂ ನನ್ನ ಓದಿಗೆ ದುಡ್ಡು ಹಾಕ್ತಿದ್ದ, ಇಬ್ಬರಿಗೂ ಗೊತ್ತಿರಲಿಲ್ಲ. 2002ರ ಅಕ್ಟೋಬರ್ 31ರಂದು, ನಾನಿನ್ನೂ ನಿಟ್ಟೆಯಲ್ಲಿ ಓದ್ತಿದ್ದಾಗಲೇ, ಟಿ. ಎಂ. ಎ. ಪೈ ಪ್ರತಿಷ್ಠಾನದ ಕೇಸಿನಲ್ಲಿ 11 ನ್ಯಾಯಮೂರ್ತಿಗಳ ಪೀಠ ಈ ಯೋಜನೆಯನ್ನು ರದ್ದು ಮಾಡಿತು. ನಾನು ಒಳಗೆ ಬಂದಿದ್ದ ಬಾಗಿಲು ಒಂಬತ್ತು ವರ್ಷ ಮಾತ್ರ ಆ ರೀತಿ ತೆರೆದಿತ್ತು.

ಆಫೀಸಿನ ಊಟದ ಟೇಬಲ್ಲಿನಲ್ಲಿ ಮೆರಿಟ್ ಮಾತು ಬಂದಾಗೆಲ್ಲ "ಹಳ್ಳಿಯಿಂದ ಬಂದೆ, ಓದಿದೆ, ರ್‍ಯಾಂಕ್ ತೆಗೆದೆ" ಅಂತ ನಾನೂ ಎದೆ ತಟ್ಟಿಕೊಂಡವನೇ. ಸುಳ್ಳಲ್ಲ. ಓದಿದ್ದು ನಾನೇ. ಆದ್ರೆ ಸೀಟು ಕೊಡಿಸಿದ್ದು ಒಂದು ತೀರ್ಪು, ಕಾಲೇಜು ಹಳ್ಳಿಯಲ್ಲಿ ಇದ್ದದ್ದು ಕೋರ್ಟು ಬಿಟ್ಟು ಬಂದ ಒಬ್ಬ ನ್ಯಾಯಮೂರ್ತಿಯಿಂದ, ತಲೆ ಮೇಲಿನ ಹೆಂಚು ಒಬ್ಬ ಗೇಣಿದಾರನ ಅರ್ಜಿಯಿಂದ. ಈ ಮೂರರಲ್ಲಿ ಒಂದಕ್ಕೂ ನಾನು ರ್‍ಯಾಂಕ್ ತೆಗೆದಿರಲಿಲ್ಲ.

ಅವತ್ತು ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ವರ್ಷಗಳೇ ಆಗಿದ್ವು ಮಾತಾಡಿ. ಎಡನೀರು ಸ್ವಾಮಿಗಳು ಹೋದರಂತೆ ಅಂದೆ.

"ಹೌದಂತೆ ಮಾರಾಯ. ಎಷ್ಟು ಚಂದ ಭಾಗವತಿಕೆ ಮಾಡ್ತಿದ್ರು."

ಕೇಸಿನ ವಿಷಯ ಹೇಳೋಕೆ ಹೋದವನು ಸುಮ್ಮನಾದೆ. ಯಕ್ಷಗಾನದ ಸ್ವಾಮಿಗಳೂ ಅವರೇ ತಾನೇ. ಕೋಣೆಗಳ ಬಗ್ಗೆ ಕೇಳಿದೆ. ಮಾರ್ಚ್‌ನಿಂದ ನಾಲ್ಕೂ ಖಾಲಿ. ಕ್ಲಾಸೆಲ್ಲ ಆನ್‌ಲೈನ್, ಮಕ್ಕಳು ಪುಸ್ತಕ, ಚಾಪೆ ಬಿಟ್ಟು ಹೋದವರು ಬಂದಿಲ್ಲ. ಹೋಟೆಲು ಮುಚ್ಚಿದೆ. ಜೆರಾಕ್ಸಿನವನು ಮೀನು ಮಾರ್ತಿದ್ದಾನೆ.

"ಈ ವರ್ಷ ಆಟಿ ಮುಗಿಯುವುದೇ ಇಲ್ಲ ಮಾರಾಯ," ಅಂದ್ರು. ಆಟಿ ಅಂದ್ರೆ ತುಳುನಾಡಿನ ಬಡತನದ ಮಳೆ ತಿಂಗಳು. ಮತ್ತೆ ಬೀಡಿ ಕಟ್ಟೋಕೆ ಕೂತಿದ್ದಾರಂತೆ, ಬೆರಳು ಮೊದಲಿನ ಹಾಗೆ ಓಡೋದಿಲ್ಲವಂತೆ.

ಬಾಡಿಗೆ ಬಿಟ್ಟು ಹೋದ ಹುಡುಗರು ಯಾರಾದ್ರೂ ಕಳಿಸ್ತಿದ್ದಾರಾ ಅಂದೆ. "ಕೇಳುವುದು ಹೇಗೆ, ಅವರ ಅಪ್ಪಂದಿರಿಗೂ ಕಷ್ಟವೇ ಅಲ್ವಾ?" ಅಂದ್ರು. ಹಾಗಾದ್ರೆ ಒಂದು ಕೋಣೆ ನನ್ನ ಹೆಸರಿಗೆ ಇರಲಿ, ಕಾಲೇಜು ಶುರುವಾಗುವ ತನಕ ಬಾಡಿಗೆ ನಾನು ಕಳಿಸ್ತೀನಿ ಅಂದೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಸುಮ್ಮನೆ ಹಣ ಬೇಡ. ಬಂದು ಎರಡು ದಿನ ಇದ್ದು ಹೋಗು," ಅಂದ್ರು. "ಬರುವಾಗ ಕೊಡೆ ತಾ. ಆ ವರ್ಷ ನಮ್ಮದು ತಗೊಂಡು ಹೋದವನು ನೀನು ಕೊಡಲೇ ಇಲ್ಲ."