ನೀಲಗಿರಿಯಲ್ಲಿ ಮೊಲದ ತೊಗಲು ಹದ ಮಾಡಿದ ಕತೆ

ವಾಚನಾಲಯದವರು ಈ ಪುಸ್ತಕಕ್ಕೆ ನನ್ನಿಂದ ಹಾಡುಗಳ ಇತಿಹಾಸ ಕೇಳಿದ್ದರು. ಹಾಡಿನ ವಿಚಾರ ಹಾಡಿಯೇ ಹೇಳಬೇಕು, ಬರೆದರೆ ಸಪ್ಪೆ ಅಂತ ನನ್ನ ಎಣಿಕೆ. ಅದಕ್ಕೆ ನಾನು ಕೈಯಾರೆ ಮಾಡಿ, ಸೋತು, ಆಮೇಲೆ ವಿಚಾರಿಸಿ ತಿಳಿದುಕೊಂಡ ಒಂದು ಸಂಗತಿ ಬರೀತಿದ್ದೀನಿ. ಮೊಲ ಸಾಕಿ ಅದರ ತುಪ್ಪಳದ ತೊಗಲನ್ನು ಮನೆಯಲ್ಲೇ ಹದ ಮಾಡೋ ಕೆಲಸ ನಮ್ಮ ಬೆಟ್ಟಕ್ಕೆ ಹೇಗೆ ಬಂತು, ಯಾಕೆ ನಿಲ್ಲಲಿಲ್ಲ ಅನ್ನೋದು ಆ ಸಂಗತಿ.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಎರಡು ಪ್ರಾಣಿಗೂ ಮೊಲ ಅಂತ ಒಂದೇ ಹೆಸರು. ಮಸಿನಗುಡಿಯ ಕುರುಚಲು ಕಾಡಲ್ಲಿ ರಾತ್ರಿ ಗಾಡಿ ಬೆಳಕಿಗೆ ಅಡ್ಡ ಓಡೋದು ಕಾಡುಮೊಲ. ಅದು ಬಿಲ ತೋಡಲ್ಲ, ಹುಲ್ಲಿನ ಮರೆಯಲ್ಲಿ ಮರಿ ಹಾಕುತ್ತೆ. ಅದರ ಮರಿ ಹುಟ್ಟುವಾಗಲೇ ಕೂದಲಿರುತ್ತೆ, ಕಣ್ಣು ಬಿಟ್ಟಿರುತ್ತೆ. ಗೂಡಲ್ಲಿ ಸಾಕೋ ಮೊಲ ಬೇರೆ ಜಾತಿ. ಅದರ ಮರಿ ಬೆತ್ತಲೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತೆ, ತಾಯಿ ತನ್ನ ಹೊಟ್ಟೆಯ ತುಪ್ಪಳ ಕಿತ್ತು ಹಾಸಿಗೆ ಮಾಡುತ್ತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆಯ ಮೊಲ ಕಾಡುಮೊಲ. ಅದನ್ನ ಹಿಡಿಯೋದು 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಪರಾಧ. ಇಲ್ಲಿ ಬರೆಯೋದೆಲ್ಲ ಗೂಡಿನ ಮೊಲದ ವಿಚಾರ.

ಈ ಗೂಡಿನ ಮೊಲದ ತವರು ಸ್ಪೇನ್ ಕಡೆ. ರೋಮಿನವರು ಗೋಡೆ ಕಟ್ಟಿದ ಅಂಗಳದಲ್ಲಿ ಅದನ್ನ ಬಿಟ್ಟು ಸಾಕ್ತಿದ್ದರಂತೆ. ಯೂರೋಪಿನಲ್ಲಿ ಅದರ ಮಾಂಸಕ್ಕಿಂತ ತುಪ್ಪಳಕ್ಕೆ ದೊಡ್ಡ ವ್ಯಾಪಾರ ಬೆಳೆದಿದ್ದು ಟೋಪಿಯಿಂದ. ತುಪ್ಪಳವನ್ನು ತೊಗಲಿನಿಂದ ಬೋಳಿಸಿ, ಒತ್ತಿ, ಹಬೆ ಕೊಟ್ಟು ಫೆಲ್ಟ್ ಟೋಪಿ ಮಾಡ್ತಿದ್ದರು. ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲಿ ಅಂತ ಪಾದರಸದ ದ್ರಾವಣ ಹಚ್ಚೋರು. ಹಚ್ಚಿದ ತುಪ್ಪಳ ಕ್ಯಾರೆಟ್ ಬಣ್ಣಕ್ಕೆ ತಿರುಗೋದು, ಅದಕ್ಕೆ ಆ ಕೆಲಸಕ್ಕೇ ಕ್ಯಾರೆಟ್ ಮಾಡೋದು ಅಂತ ಇಂಗ್ಲಿಷಿನಲ್ಲಿ ಹೆಸರು ಬಿತ್ತು. ನಮ್ಮ ಊಟಿ ಕ್ಯಾರೆಟ್ಟಿಗೆ ಇಂಥ ಕೆಟ್ಟ ಸಂಬಂಧ ಉಂಟು ಅಂತ ನಾನು ಅಂದುಕೊಂಡೇ ಇರಲಿಲ್ಲ! ಆ ಹೊಗೆ ಕುಡಿದು ಟೋಪಿ ಕೆಲಸಗಾರರಿಗೆ ಕೈಕಾಲು ನಡುಕ ಹತ್ತೋದು, ಬುದ್ಧಿ ಕೆಡೋದು. ಅಮೆರಿಕದಲ್ಲಿ 1941ರವರೆಗೂ ಆ ಪದ್ಧತಿ ನಿಂತಿರಲಿಲ್ಲ.

1859ರಲ್ಲಿ ಥಾಮಸ್ ಆಸ್ಟಿನ್ ಅನ್ನೋ ಜಮೀನುದಾರ ಬೇಟೆಯ ಮೋಜಿಗೆ ಇಂಗ್ಲೆಂಡಿನಿಂದ ಸುಮಾರು ಎರಡು ಡಜನ್ ಮೊಲ ತರಿಸಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬಿಟ್ಟ. ಅವು ಕೋಟಿಗಟ್ಟಲೆ ಆಗಿ ಕುರಿಯ ಹುಲ್ಲೆಲ್ಲ ಮೇಯ್ದು ಆ ದೇಶಕ್ಕೇ ಪೀಡೆ ಆದವು. ಆಸ್ಟ್ರೇಲಿಯಾಕ್ಕೆ ಹೊರಗಿನಿಂದ ಮೊಲ ಬಂದ ಹಾಗೆ ಆಸ್ಟ್ರೇಲಿಯಾದಿಂದ ನಮಗೆ ಒಂದು ಮರ ಬಂತು. ಅದು ವ್ಯಾಟಲ್. ಬೆಟ್ಟದ ಮೇಲೆ ಸೀಗೆ ಮರ ಅಂತಾನೂ ಕರೀತಾರೆ, ತಲೆಗೆ ಹಾಕೋ ಸೀಗೆಕಾಯಿ ಬೇರೆ. 19ನೇ ಶತಮಾನದಲ್ಲಿ ಊಟಿಯ ಬಿಳಿಯರಿಗೆ ಚಳಿ ಕಾಯಿಸೋ ಸೌದೆಗೆ ಅಂತ ನೆಟ್ಟಿದ್ದು. ಸ್ವಾತಂತ್ರ್ಯ ಬಂದ ಮೇಲೆ ತೊಗಟೆಗೆ ಅಂತ ಸರ್ಕಾರವೇ ತೋದವರ ಎಮ್ಮೆ ಮೇಯೋ ಹುಲ್ಲುಗಾವಲಲ್ಲೆಲ್ಲ ಅದನ್ನ ನೆಡಿಸಿತು. ಒಣ ತೊಗಟೆಯ ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ತೊಗಲು ಹದ ಮಾಡೋ ಒಗರು, ಅಂದರೆ ಟ್ಯಾನಿನ್ ಇರುತ್ತೆ. ತೊಗಟೆ ಲಾರಿ ಮೇಲೆ ಬೆಟ್ಟ ಇಳಿದು ಹೋಗೋದು. ಮೊಲ ಆಸ್ಟ್ರೇಲಿಯಾದ ಹುಲ್ಲು ತಿಂತು, ವ್ಯಾಟಲ್ ನಮ್ಮ ಹುಲ್ಲು ತಿಂತು.

ಹಾಗಂತ ವ್ಯಾಟಲ್ ಬರೋ ಮೊದಲು ನೀಲಗಿರಿಯಲ್ಲಿ ತೊಗಲು ಹದ ಮಾಡೋರು ಇರಲಿಲ್ಲ ಅಂತಲ್ಲ. ಕೋತರು ಇದ್ದರು. ಏಳು ಊರಿನ ಆ ಜನ ಕಬ್ಬಿಣ ಬಡಿಯೋರು, ಮಡಕೆ ಮಾಡೋರು, ಬಡಗರ ಮನೆ ಸಾವಿಗೆ ಹಬ್ಬಕ್ಕೆ ವಾದ್ಯ ಬಾರಿಸೋರು. ತೋದರ ಸತ್ತ ಎಮ್ಮೆಯ ತೊಗಲನ್ನು ಹದ ಮಾಡಿ ಹಗ್ಗ, ಪಟ್ಟಿ ಮಾಡ್ತಿದ್ದವರೂ ಅವರೇ. ಎಲ್ಲರಿಗೂ ಅವರ ಕೆಲಸ ಬೇಕು, ಆದರೆ ಸತ್ತ ದನ ಮುಟ್ಟಿದರು ಅಂತ ಅವರನ್ನ ಕೆಳಗೆ ಕೂರಿಸಿದರು. ಕೆಳನಾಡಿನಲ್ಲೂ ಇದೇ ಕತೆ. ತಂಗಡಿ ಗಿಡದ ತೊಗಟೆಯಲ್ಲಿ ಹದವಾದ ಮದ್ರಾಸಿನ ತೊಗಲು 19ನೇ ಶತಮಾನದಲ್ಲಿ ಲಂಡನ್ ಪೇಟೆಯಲ್ಲಿ ಹೆಸರು ಮಾಡಿತ್ತು. ಅದನ್ನ ಹದ ಮಾಡಿದವರು ಮಾತ್ರ ಊರಾಚೆ ಕೇರಿಯಲ್ಲೇ ಇದ್ದರು. 1903ರ ಹೊತ್ತಿಗೆ ಆಲ್ಫ್ರೆಡ್ ಚಾಟರ್ಟನ್ ಅನ್ನೋರು ಮದ್ರಾಸಿನಲ್ಲಿ ಕ್ರೋಮ್ ಹದ ತಂದರು. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯೋ ಕೆಲಸ ಅದರಲ್ಲಿ ದಿನಗಳಲ್ಲಿ ಮುಗಿಯುತ್ತೆ. ಮುಂದೆ ಅದರ ನೀರು ಪಾಲಾರ್ ಹೊಳೆಗೆ ಏನು ಮಾಡಿತು ಅನ್ನೋದು 1996ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಹೋಯಿತು. ಕ್ರೋಮ್ ಮನೆಯಲ್ಲಿ ಮಾಡೋ ಕೆಲಸ ಅಲ್ಲ, ಯಾರೂ ಕೈ ಹಾಕಬೇಡಿ.

ಮೊಲಕ್ಕೆ ಬರೋಣ. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಶುರುವಾಯಿತು. ಅದರ ಒಂದು ಕೇಂದ್ರ ಕುಲು ಕಣಿವೆಯ ಗರ್ಸಾದಲ್ಲಿ, ಅಲ್ಲಿ ಅಂಗೋರಾ ಮೊಲ. ಇನ್ನೊಂದು ಕೊಡೈಕನಾಲ್ ಬೆಟ್ಟದ ಮನ್ನವನೂರಿನಲ್ಲಿ. ಅಂಗೋರಾವನ್ನು ಕೊಲ್ಲೋ ಹಾಗಿಲ್ಲ, ಕುರಿ ಥರ ಎರಡು ಎರಡೂವರೆ ತಿಂಗಳಿಗೊಮ್ಮೆ ಉಣ್ಣೆ ಕತ್ತರಿಸ್ತಾರೆ. ನಮ್ಮ ಜಿಲ್ಲೆಯಲ್ಲಿ ಊಟಿ-ಗೂಡಲೂರು ರಸ್ತೆಯ ಸ್ಯಾಂಡಿನಲ್ಲಾದ ಕುರಿ ತಳಿ ಸಂಶೋಧನಾ ಕೇಂದ್ರದಲ್ಲಿ, ನೀಲಗಿರಿ ಕುರಿ ಇರೋ ಅದೇ ಜಾಗದಲ್ಲಿ, ಸೋವಿಯತ್ ಚಿಂಚಿಲ್ಲಾ ಮತ್ತು ವೈಟ್ ಜೈಂಟ್ ಮೊಲ ಇಟ್ಟರು. ಚಿಂಚಿಲ್ಲಾ ಅನ್ನೋದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಒಂದು ಸಣ್ಣ ಪ್ರಾಣಿ. ಅದರ ತುಪ್ಪಳದಂಥ ನೀಲಿ ಬೂದಿ ಬಣ್ಣ ಇರೋದರಿಂದ ಮೊಲಕ್ಕೆ ಆ ಹೆಸರು. ರಷ್ಯದವರು ಅದನ್ನ ಮಾಂಸ, ತುಪ್ಪಳ ಎರಡಕ್ಕೂ ಅಂತ ಬೆಳೆಸಿದ ತಳಿ.

ಎರಡಕ್ಕೂ ಅನ್ನೋ ಈ ಮಾತನ್ನ ನಂಬಿ ನಾನು ಕೆಟ್ಟೆ.

ತೊಂಬತ್ತರ ದಶಕದಲ್ಲಿ ಬೆಟ್ಟದ ಮೇಲಿನ ನೆಂಟರ ಮೂಲಕ ಒಂದು ಗಂಡು ನಾಲ್ಕು ಹೆಣ್ಣು ಚಿಂಚಿಲ್ಲಾ ತಂದೆ. ಮೊಲ ಮೂವತ್ತು ಮೂವತ್ತೊಂದು ದಿನಕ್ಕೆ ಈಯುತ್ತೆ, ಒಂದು ಸಲಕ್ಕೆ ಆರೇಳು ಮರಿ. ಲೆಕ್ಕ ಹಾಕಿದರೆ ಕಾಗದದ ಮೇಲೆ ನಾನು ಸಾಹುಕಾರ. ಆದರೆ ಮಾಂಸದ ಮೊಲ ಮೂರು ತಿಂಗಳಿಗೆ ಎರಡು ಕಿಲೋ ತೂಗುತ್ತೆ, ಅಲ್ಲಿಂದ ಮುಂದೆ ತಿಂದಷ್ಟು ತೂಕ ಕೊಡಲ್ಲ. ತೊಗಲು ಬಲಿಯೋಕೆ ಆರು ತಿಂಗಳಾದರೂ ಬೇಕು. ಮೂರು ತಿಂಗಳ ತೊಗಲು ಕಾಗದದ ಹಾಗೆ, ಮರಿ ಕೂದಲು ಉದುರೋ ಹೊತ್ತು ಅದು, ಹದ ಮಾಡಿದರೂ ಕೈಯಲ್ಲಿ ಕೂದಲು ಬರುತ್ತೆ. ಹೋಟೆಲಿನವನು ಮೂರು ತಿಂಗಳಿಗೆ ಬಂದು ದುಡ್ಡು ಎಣಿಸ್ತಾನೆ. ತೊಗಲಿಗೆ ಅಂತ ಇನ್ನು ಮೂರು ತಿಂಗಳು ಮೇವು ಹಾಕೋನು ಯಾರು? ತೊಗಲು ಕೊಳ್ಳೋನು ಎಲ್ಲಿದ್ದಾನೆ ಅಂತಾನೇ ಗೊತ್ತಿಲ್ಲ. ಮೊಲ ಸಾಕಿದ ಮನೆಗಳಲ್ಲೆಲ್ಲ ತೊಗಲು ಗುಂಡಿಗೆ ಹೋಗೋಕೆ ಮೊದಲ ಕಾರಣ ಇದೇ.

ಎರಡನೆಯದು ಹವೆ. ಊಟಿ ಎರಡು ಸಾವಿರದ ಇನ್ನೂರು ಮೀಟರಿಗಿಂತ ಮೇಲಿದೆ, ಮಾರ್ಗಶಿರ ಪುಷ್ಯದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿ ಕಟ್ಟುತ್ತೆ. ಆ ಚಳಿಗೆ ಮೊಲದ ಒಳತುಪ್ಪಳ ಒತ್ತಾಗಿ ಬೆಳೆಯುತ್ತೆ. ಕಲ್ಲಟ್ಟಿಯ ಮೂವತ್ತಾರು ತಿರುವು ಇಳಿದು ಮಸಿನಗುಡಿಗೆ ಬಂದರೆ ಬೇರೆ ದೇಶ. ಇಲ್ಲಿ ತುಪ್ಪಳ ತೆಳುವು. ಬೇಸಿಗೆ ಸೆಕೆಗೆ ಗಂಡು ಮೊಲ ಬೀಜಕ್ಕೆ ಬಾರದ ಹಾಗಾಗುತ್ತೆ, ಹೆಣ್ಣು ಗರ್ಭ ಕಟ್ಟಲ್ಲ.

ಆದರೂ ಹಟ. ಚಳಿಗಾಲದಲ್ಲಿ ಎಂಟು ಮೊಲವನ್ನು ಏಳು ತಿಂಗಳವರೆಗೆ ಉಳಿಸಿದೆ. ಸ್ಫಟಿಕದ ಹದ ಸುಲಭ ಅಂತ ಕೇಳಿದ್ದೆ. ತೊಗಲನ್ನ ಚೀಲದ ಹಾಗೆ ಸುಲಿದು, ಹೊಟ್ಟೆ ಸೀಳಿ ಹರಡಿ, ಒಳಗಿನ ಮಾಂಸ ಕೊಬ್ಬು ಪೊರೆ ಮೊಂಡು ಚಾಕಿನಲ್ಲಿ ಹೆರೆದು, ಅಂಟುವಾಳದ ನೊರೆಯಲ್ಲಿ ತೊಳೆದೆ. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಸ್ಫಟಿಕ, ಅರ್ಧ ಕಿಲೋ ಉಪ್ಪು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐದು ದಿನ. ಕಬ್ಬಿಣದ ಪಾತ್ರೆ ಆಗದು, ಕರೆ ಕಟ್ಟುತ್ತೆ. ತೆಗೆದು ನೆರಳಲ್ಲಿ ಒಣಗಿಸಿದೆ. ಬೆಳ್ಳಗೆ, ಮೆತ್ತಗೆ ಬಂತು. ಬೆಟ್ಟದ ಮೇಲಿನ ನನ್ನ ಅಕ್ಕನ ಮೊಮ್ಮಗುವಿಗೆ ಕುಲಾವಿ ಹೊಲಿಸಿಕೊಟ್ಟೆ. ಆಷಾಢದ ಮಳೆಗೆ ಎರಡು ಸಲ ನೆನೆದಿದ್ದೇ ಸಾಕು, ಒಣಗಿದ ಮೇಲೆ ಹಪ್ಪಳ ಆಯಿತು, ನಾತ ಹೊಡೀತು. ಸ್ಫಟಿಕದ ಹದ ನೀರಿಗೆ ತೊಳೆದು ಹೋಗುತ್ತೆ ಅನ್ನೋದು ನನಗೆ ಆಗ ಗೊತ್ತಿಲ್ಲ.

ಗೊತ್ತಿದ್ದವರು ನಮ್ಮ ಊರಲ್ಲೇ ಇದ್ದರು. ನನ್ನ ಹಾಡಿಗೆ ತಮಟೆ ಬಾರಿಸ್ತಿದ್ದ ಮುದುಕಪ್ಪ. ತಮಟೆ ತೊಗಲು ಹದದ್ದಲ್ಲ, ಹಸಿ ತೊಗಲು ಹೆರೆದು ಬಿಗಿದಿದ್ದು, ಅದಕ್ಕೇ ಬೆಂಕಿಗೆ ಕಾಯಿಸಿದರೆ ದನಿ ಏರುತ್ತೆ. ಆದರೆ ಅವರ ಅಪ್ಪ ಚಪ್ಪಲಿಗೆ ತೊಗಲು ಹದ ಮಾಡ್ತಿದ್ದವರು. ನಾನು ಕೇಳಿದಾಗ ಆ ಮನುಷ್ಯ ನಕ್ಕು, ಸ್ವಾಮಿ ನೀವು ಇದನ್ನ ಮುಟ್ತೀರಾ ಅಂದರು. ನಮ್ಮ ಜಗಲಿಗೆ ಅವರು ಅದುವರೆಗೆ ಹತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಮೇಳದಲ್ಲಿ ಹಾಡಿದ್ದೀವಿ, ಟೀ ಮಾತ್ರ ಬೇರೆ ಲೋಟದಲ್ಲಿ. ಅದು ನನಗೆ ಆವತ್ತಿನವರೆಗೆ ಕಣ್ಣಿಗೇ ಬಿದ್ದಿರಲಿಲ್ಲ ಅಂದರೆ ನೀವು ನಂಬಬೇಕು.

ಅವರು ಹೇಳಿಕೊಟ್ಟಿದ್ದು ಹೀಗೆ. ಸ್ಫಟಿಕದ ಮೇಲೆ ತೊಗಟೆ ಕೊಡಬೇಕು, ಆದರೆ ತೊಗಲು ಮುಳುಗಿಸಬಾರದು, ಮುಳುಗಿಸಿದರೆ ತುಪ್ಪಳ ಕೆಂಪಾಗುತ್ತೆ. ತೊಗಟೆ ಕುದಿಸಿದ ನೀರನ್ನ ಒಳಮಗ್ಗುಲಿಗೆ ಮಾತ್ರ ಬಟ್ಟೆಯಲ್ಲಿ ಹಚ್ಚಬೇಕು. ಮೊದಲ ಎರಡು ದಿನ ತಿಳಿ ನೀರು, ಆಮೇಲೆ ದಿನಾ ಸ್ವಲ್ಪ ಗಟ್ಟಿ. ಮೊದಲೇ ಗಟ್ಟಿ ಕೊಟ್ಟರೆ ಮೇಲ್ಪದರ ಬಾಯಿ ಮುಚ್ಚಿಕೊಂಡು ನಡುವೆ ಹಸಿ ಉಳಿಯುತ್ತೆ. ಹಿಡೀತೋ ಇಲ್ಲವೋ ನೋಡೋಕೆ ಅಂಚಿನ ಒಂದು ಚೂರು ಕತ್ತರಿಸಿ ನೋಡಬೇಕು, ನಡುವೆ ಬಿಳಿ ಗೆರೆ ಇದ್ದರೆ ಇನ್ನೂ ಬೇಕು. ವ್ಯಾಟಲ್ ಕೆಂಪು ಕೊಡುತ್ತೆ. ತಂಗಡಿ ತಿಳಿ ಹಳದಿ, ಆದರೆ ಬಿಸಿಲಿಗೆ ಕೆಂಪಗಾಗುತ್ತೆ, ಹಾಗಾಗದಂತೆ ಕೊನೆಗೆ ಅಳಲೆಕಾಯಿ ನೀರು. ಆಮೇಲೆ ಹರಳೆಣ್ಣೆ ತೀಡಿ, ಅರ್ಧ ಒಣಗಿರುವಾಗ ಹಲಗೆಯ ಅಂಚಿಗೆ ಹಾಕಿ ಹಿಂದೆ ಮುಂದೆ ಎಳೀಬೇಕು. ಆ ಅರ್ಧ ಒಣಗಿದ ಹೊತ್ತು ತಪ್ಪಿದರೆ ಮುಗೀತು. ಅದನ್ನ ಅವರು ಕೆನ್ನೆಗೆ ಒತ್ತಿಕೊಂಡು ಹೇಳೋರು, ತಣ್ಣಗಿದ್ದರೆ ಇನ್ನೂ ನೀರಿದೆ ಅಂತ. ಇದನ್ನ ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ.

ಎರಡು ವಾರ ಇಬ್ಬರೂ ನಮ್ಮ ಹಿತ್ತಲಲ್ಲಿ ಕೂತು ಐದು ತೊಗಲು ಮುಗಿಸಿದೆವು. ಮಧ್ಯಾಹ್ನದ ಊಟ ಅಲ್ಲೇ, ಒಂದೇ ಪಾತ್ರೆಯಿಂದ. ನನ್ನ ತಾಯಿ ಮೂರು ದಿನ ಮಾತು ಬಿಟ್ಟರು, ನಾಲ್ಕನೇ ದಿನ ಅವರೇ ಸಾರು ತಂದು ಬಡಿಸಿದರು. ಊರು ಅಷ್ಟು ಬೇಗ ಬಗ್ಗಲಿಲ್ಲ. ಆ ವರ್ಷ ಮಾಘದಲ್ಲಿ ಒಂದು ಮದುವೆಯ ಹಾಡಿಗೆ ನನಗೆ ವೀಳ್ಯ ಬಂದಿತ್ತು. ಹಿಂದಿನ ದಿನ ಆ ಮನೆಯವರು ಬಂದು, ಹಿರಿಯರು ಕೈ ನಾತ ಅಂತಿದ್ದಾರೆ, ಈ ಸಲ ಬೇಡ ಅಂದರು. ತಮಟೆ ಮಾತ್ರ ಬೇಕಂತೆ, ಮುದುಕಪ್ಪನವರನ್ನ ಕಳಿಸಿ ಅಂದರು. ತೊಗಲು ಮುಟ್ಟೋದಕ್ಕೇ ಹುಟ್ಟಿದವನು ಅಂತ ಅವರು ಎಣಿಸಿದವರು ಹೋಗಬಹುದು, ಮುಟ್ಟಿದ ನಾನು ಹೋಗಬಾರದು. ಮುದುಕಪ್ಪ ಹೋಗಲಿಲ್ಲ. ಕಾರಣ ಕೇಳಿದ್ದಕ್ಕೆ ಮೊಣಕಾಲು ನೋವು ಅಂದರು.

ಮುಂದಿನ ಬೇಸಿಗೆಗೆ ನನ್ನ ಮೊಲ ಒಂದು ವಾರದಲ್ಲಿ ಒಂಬತ್ತು ಸತ್ತವು, ಉಳಿದವನ್ನ ಚಿರತೆ ಗೂಡು ಮುರಿದು ಒಯ್ಯಿತು. ಮತ್ತೆ ತರಲಿಲ್ಲ. ಬೆಟ್ಟದ ಮೇಲೆ ಈಗಲೂ ಮೊಲ ಸಾಕೋರು ಇದ್ದಾರೆ, ಮಾಂಸಕ್ಕೆ, ಇಲ್ಲವೇ ಮಕ್ಕಳಿಗೆ ಮುದ್ದಿಗೆ. ತೊಗಲು ಕೇಳಿದರೆ ಹಾಗೇ ಕೊಡ್ತಾರೆ. ಚಳಿಗಾಲದಲ್ಲಿ ಆರು ತಿಂಗಳು ದಾಟಿದ ಮೊಲದ್ದಾದರೆ ಇಸ್ಕೊಳ್ಳಿ, ಉಪ್ಪು ಹಚ್ಚಿ ಇಡಿ, ತೊಗಟೆಗೆ ಈ ಜಿಲ್ಲೆಯಲ್ಲಿ ಬರ ಇಲ್ಲ.

ಮುದುಕಪ್ಪ ತೀರಿಕೊಂಡು ಹನ್ನೊಂದು ವರ್ಷ. ಅವರ ತಮಟೆ ಈಗ ಅವರ ಮಗ ಬಾರಿಸ್ತಾನೆ. ಆ ಐದರಲ್ಲಿ ಉಳಿದ ಒಂದು ತೊಗಲನ್ನ ಉದ್ದಕ್ಕೆ ಕತ್ತರಿಸಿ, ಅಂಚು ಭುಜಕ್ಕೆ ಉಜ್ಜದ ಹಾಗೆ ತಮಟೆಗೆ ಸುತ್ತಿದ್ದಾನೆ. ಎಷ್ಟೋ ಮಳೆಗೆ ನೆನೆದಿದೆ. ಕೂದಲು ಅಲ್ಲಲ್ಲಿ ಸವೆದಿದೆ, ತೊಗಲು ಇನ್ನೂ ಮೆತ್ತಗಿದೆ.